ಏಲಿಯನ್ ನೌಕೆಯಲ್ಲಿ ಕೊಳಲು ಇಟ್ಟರಲ್ಲ, ಬೀಜ ಯಾಕೆ ಇಡಲಿಲ್ಲ? ನಮ್ಮಪ್ಪನ ಪ್ರಶ್ನೆ

ಟೇಲೆಂಡ್ ಹುಡುಗ
ನಾನು ಸಿರವಾರ ಕಡೆಯವನು, ನಮ್ಮದು ಕಾಲುವೆಯ ಕೊನೆ ತುದಿಯ, ಅಂದರೆ ಟೇಲೆಂಡ್ ಊರು. ಹೋದ ವಾರ ಊರಿಗೆ ಹೋಗಿದ್ದೆ. ಕಾಲುವೆಯಲ್ಲಿ ನೀರಿರಲಿಲ್ಲ, ಅಪ್ಪ ಮನೆಯಲ್ಲೇ ಇದ್ದ. ನಾನು ಲ್ಯಾಪ್‌ಟಾಪ್‌ನಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಅನ್ನುವ ಇಂಗ್ಲಿಷ್ ಟಿವಿ ಧಾರಾವಾಹಿ ಹಾಕಿಕೊಂಡು ಕೂತಿದ್ದೆ. ಐದನೇ ಸೀಸನ್, 25ನೇ ಎಪಿಸೋಡ್, ‘ದಿ ಇನ್ನರ್ ಲೈಟ್’. ಅಪ್ಪ ಸುಮ್ನೆ ಬಂದು ಪಕ್ಕದಲ್ಲಿ ಕೂತ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

ನೋಡದವರಿಗೆ ಕಥೆ ಚಿಕ್ಕದಾಗಿ ಹೇಳುತ್ತೇನೆ. ಎಂಟರ್‌ಪ್ರೈಸ್ ಅನ್ನುವ ಬಾಹ್ಯಾಕಾಶ ಹಡಗಿನ ಎದುರಿಗೆ ಯಾರದ್ದೋ ಒಂದು ಸಣ್ಣ ನೌಕೆ ಬರುತ್ತದೆ. ಅದರಿಂದ ಕಿರಣ ಬಂದು ಕ್ಯಾಪ್ಟನ್ ಪಿಕಾರ್ಡ್‌ಗೆ ಬಡಿಯುತ್ತದೆ, ಆತ ಕುಸಿದು ಬೀಳುತ್ತಾನೆ. ಕಣ್ಣು ಬಿಟ್ಟರೆ ಕಟಾನ್ ಅನ್ನೋ ಗ್ರಹ, ರೆಸಿಕ್ ಅನ್ನೋ ಊರು. ಎಲೀನ್ ಅನ್ನೋ ಹೆಂಗಸು, ನೀನು ನನ್ನ ಗಂಡ, ನಿನ್ನ ಹೆಸರು ಕಾಮಿನ್, ಜ್ವರ ಬಂದು ಮಲಗಿದ್ದೆ ಅನ್ನುತ್ತಾಳೆ. ಮೊದಲು ನಂಬುವುದಿಲ್ಲ. ವರ್ಷಗಳು ಕಳೆದ ಹಾಗೆ ಅಲ್ಲಿಯವನೇ ಆಗಿಬಿಡುತ್ತಾನೆ. ಮಗಳು, ಮಗ, ಮೊಮ್ಮಗು. ಕೊಳಲು ಕಲಿಯುತ್ತಾನೆ. ಊರಲ್ಲಿ ಮಳೆ ಇಲ್ಲ, ವರ್ಷದಿಂದ ವರ್ಷಕ್ಕೆ ಬರ ಜಾಸ್ತಿ. ಕೊನೆಗೆ ತಿಳಿಯುವುದು ಅವರ ಸೂರ್ಯನೇ ಸಿಡಿಯುತ್ತಾನೆ ಅಂತ. ಉಳಿಯುವ ದಾರಿ ಇಲ್ಲ. ತಮ್ಮ ಬದುಕಿನ ನೆನಪನ್ನು ನೌಕೆಯಲ್ಲಿ ತುಂಬಿ ಹಾರಿಸುತ್ತಾರೆ. ಸಾವಿರ ವರ್ಷ ಆದ ಮೇಲೆ ಪಿಕಾರ್ಡ್‌ಗೆ ಸಿಕ್ಕಿದ್ದು ಅದೇ ನೌಕೆ. ಹಡಗಿನಲ್ಲಿ ಕಳೆದದ್ದು 25 ನಿಮಿಷ, ಆತ ಬದುಕಿದ್ದು ಸುಮಾರು 40 ವರ್ಷ. ನೌಕೆ ಬಿಚ್ಚಿದರೆ ಒಂದು ಪೆಟ್ಟಿಗೆ, ಅದರೊಳಗೆ ಒಂದು ಕೊಳಲು.

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂದ: “ಅಷ್ಟು ಶಾಣ್ಯಾ ಮಂದಿ ಬೀಜ ಯಾಕ ಇಡಲಿಲ್ಲ? ಕೊಳಲು ತಗೊಂಡು ಏನ್ ಮಾಡ್ತಾರ? ಒಂದು ಸೇರು ಜೋಳ ಇಟ್ಟಿದ್ದರ ಎಲ್ಲ್ಯಾರ ಹುಟ್ಟತಿತ್ತು.”

ನನಗೆ ಉತ್ತರ ಹೊಳೆಯಲಿಲ್ಲ. ನಾಲ್ಕು ದಿನದಿಂದ ತಲೆ ಕೊರೆಯುತ್ತಿದೆ. ನೀವೇ ಹೇಳಿ.

ಬಳ್ಳಾರಿ ಬಿಸಿಲು
ಶೀರ್ಷಿಕೆಯಲ್ಲೇ ಕೊಳಲು ಅಂತ ಹಾಕಿ ಕ್ಲೈಮ್ಯಾಕ್ಸ್ ಹೇಳಿಬಿಟ್ಟಿರಲ್ಲ ಮಾರಾಯರೇ. ಒಂದು ಎಚ್ಚರಿಕೆ ಕೊಡಬಾರದಾ?

ಟೇಲೆಂಡ್ ಹುಡುಗ
ಅಣ್ಣ, ಅದು ಟಿವಿಯಲ್ಲಿ ಬಂದದ್ದು 1992ರ ಜೂನ್ 1ಕ್ಕೆ. ನಾನು ಹುಟ್ಟುವುದಕ್ಕೂ ಮುಂಚೆ.

ಒಗ್ಗರಣೆ ಮಿರ್ಚಿ
ತಿಮಿಂಗಿಲ ಹುಡುಕಿಕೊಂಡು ಬರುತ್ತಲ್ಲ, ಅದೇ ನೌಕೆ ತಾನೇ? ನಾನು ನೋಡಿದ್ದೇನೆ. ಸಮುದ್ರ ಎಲ್ಲ ಕುದಿಯುತ್ತೆ.

ಹಳೇ ಟ್ರೆಕ್ಕಿ
ಮಿರ್ಚಿಯವರೇ, ಅಲ್ಲ. ನೀವು ಹೇಳುತ್ತಿರುವುದು 1986ರ ಸಿನಿಮಾ, ‘ಸ್ಟಾರ್ ಟ್ರೆಕ್’ ಸರಣಿಯ ನಾಲ್ಕನೆಯದು. ಅದರಲ್ಲಿ ಉದ್ದ ಸಿಲಿಂಡರ್ ಹಾಗಿರುವ ದೈತ್ಯ ನೌಕೆ ಭೂಮಿಗೆ ಬಂದು ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೂಗುತ್ತದೆ. ತಿಮಿಂಗಿಲ ಎಲ್ಲ ಸತ್ತುಹೋಗಿವೆ, ಉತ್ತರ ಕೊಡುವವರಿಲ್ಲ. ಸಮುದ್ರ ಕುದಿಯುವುದಿಲ್ಲ, ಆವಿಯಾಗಿ ಮೋಡ ಕಟ್ಟುತ್ತದೆ. ಅದು ಯಾರ ಮಾತನ್ನೂ ಕೇಳಿಸಿಕೊಳ್ಳದ ನೌಕೆ. ಕಟಾನ್ ನೌಕೆ ಪೂರ್ತಿ ಉಲ್ಟಾ. ಒಬ್ಬನನ್ನು ಹಿಡಿದು ಕೂರಿಸಿ ತನ್ನ ಕಥೆ ಹೇಳುವಂಥದ್ದು.

ಒಗ್ಗರಣೆ ಮಿರ್ಚಿ
ಹಾಗಾದರೆ ವಾಯೇಜರ್ 6 ಇನ್ನೊಂದಾ?

ಹಳೇ ಟ್ರೆಕ್ಕಿ
ಅದು 1979ರ ಸಿನಿಮಾ. ಅದು ಏಲಿಯನ್ ನೌಕೆ ಅಲ್ಲವೇ ಅಲ್ಲ. ಭೂಮಿಯಿಂದ ಹೋದದ್ದೇ ದೊಡ್ಡದಾಗಿ ಬೆಳೆದು ವಾಪಸ್ ಬರುತ್ತದೆ. ನಿಜದಲ್ಲಿ ನಾಸಾ ಕಳಿಸಿದ್ದು ವಾಯೇಜರ್ 1 ಮತ್ತು 2 ಮಾತ್ರ. ಮಿರ್ಚಿಯವರೇ, ದಯವಿಟ್ಟು ಎಲ್ಲ ಸಿನಿಮಾ ಒಂದೇ ಬಾಣಲೆಗೆ ಹಾಕಬೇಡಿ.

ಸಿಂಧನೂರು ಟೀಚರ್
ಟೇಲೆಂಡ್ ತಮ್ಮಾ, ನಿಮ್ಮ ಅಪ್ಪಾಜಿ ಪ್ರಶ್ನೆ ತುಂಬಾ ಚೆನ್ನಾಗಿದೆ. ಆದರೆ ನನಗೆ ಕೊಳಲೇ ಸರಿ ಅನ್ನಿಸುತ್ತದೆ. ಬೀಜ ಸಿಕ್ಕವನು ಏನು ಮಾಡುತ್ತಾನೆ? ಲ್ಯಾಬಿನಲ್ಲಿ ಇಡುತ್ತಾನೆ. ಹೆಚ್ಚೆಂದರೆ ಒಂದು ಗಿಡ ಬೆಳೆಸಿ ಗಾಜಿನ ಮನೆಯಲ್ಲಿ ನಿಲ್ಲಿಸುತ್ತಾನೆ. ಅದನ್ನು ಯಾವಾಗ ಬಿತ್ತುತ್ತಿದ್ದರು, ಯಾವ ಹಬ್ಬಕ್ಕೆ ತಿನ್ನುತ್ತಿದ್ದರು, ಮಗುವಿಗೆ ಹೆಸರಿಡುವ ದಿನ ಏನು ಬಾರಿಸುತ್ತಿದ್ದರು, ಇದೆಲ್ಲ ಬೀಜ ಹೇಳುತ್ತದಾ? ಮಗನ ಹೆಸರಿಡುವ ದಿನ ಕಾಮಿನ್ ಕೊಳಲು ಊದುವ ಸೀನ್ ಇದೆಯಲ್ಲ, ಅಲ್ಲಿ ಇಡೀ ಊರೇ ಇದೆ.

ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಈ ಕಥೆ ಬಾಯಲ್ಲೇ ಹೇಳಿದ್ದೆ. ಮುಗಿದ ಮೇಲೆ ಒಬ್ಬಳು ಕೇಳಿದ್ದು: ಮಿಸ್, ಆಮೇಲೆ ಆತ ತನ್ನ ಹೆಂಡತಿಯನ್ನು ಎಲ್ಲಿ ಹುಡುಕುತ್ತಾನೆ? ನನಗೂ ಉತ್ತರ ಬರಲಿಲ್ಲ ಬಿಡಿ.

ಹಗೇವು
ನಾನು ಅಪ್ಪನ ಪಾರ್ಟಿ. ನಮ್ಮ ಕಡೆ ಬರ ಬಂದಾಗ ಹಸಿದು ಮಲಗಿದ ಮನೆಯಲ್ಲೂ ಬಿತ್ತುವ ಬೀಜ ಮುಟ್ಟುತ್ತಿರಲಿಲ್ಲ. ನಮ್ಮಜ್ಜಿ ಬೀಜದ ಜೋಳಕ್ಕೆ ಬೂದಿ, ಬೇವಿನ ಸೊಪ್ಪು ಸೇರಿಸಿ ಮಡಕೆಯಲ್ಲಿ ಕಟ್ಟಿಡುತ್ತಿದ್ದಳು. ತಿನ್ನುವ ಜೋಳ ನೆಲದೊಳಗಿನ ಹಗೇವಿನಲ್ಲಿ, ಬೀಜ ದೇವರ ಕೋಣೆಯಲ್ಲಿ. ಬರದ ಮಂದಿ ಮೊದಲು ಉಳಿಸುವುದು ಬೀಜ. ಆ ಎಪಿಸೋಡ್ ಬರೆದವರು ಬರ ನೋಡಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಸಾವಿರ ವರ್ಷಕ್ಕೆ ಬೀಜ ಸತ್ತುಹೋಗುತ್ತದೆ ಅನ್ನುವವರಿಗೆ ಮೊದಲೇ ಹೇಳುತ್ತೇನೆ. ಇಸ್ರೇಲ್‌ನ ಮಸಾಡ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ನೆಟ್ಟರೆ ಮೊಳಕೆ ಒಡೆದಿದೆ. ಈಗ ಅದು ಮರ.

ಫಿಜಿಕ್ಸ್ ಮೇಷ್ಟ್ರು, ಗಂಗಾವತಿ
ಮಸಾಡದ್ದು ನಿಜ. ಆದರೆ ಅದು ಒಣ ಹವೆಯಲ್ಲಿ, ಮಣ್ಣಿನಡಿ ಬಿದ್ದಿದ್ದ ಬೀಜ. ಬಾಹ್ಯಾಕಾಶದಲ್ಲಿ ಸಾವಿರ ವರ್ಷ ವಿಕಿರಣ ತಿಂದ ಬೀಜದ ಗತಿ ಬೇರೆ. ದಪ್ಪ ಕವಚ ಬೇಕು, ತೂಕ ಜಾಸ್ತಿ. ಕಟಾನ್ ಜನರ ಹತ್ತಿರ ಇದ್ದದ್ದು ಸಣ್ಣ ರಾಕೆಟ್.

ಇನ್ನೊಂದು ಮಾತು. ಕಥೆಯ ವಿಜ್ಞಾನವೇ ಅಲ್ಲಾಡುತ್ತಿದೆ. ಅವರ ಸೂರ್ಯ ‘ನೋವಾ’ ಆಯಿತು ಅನ್ನುತ್ತಾರೆ. ನೋವಾ ಆಗಲು ಜೋಡಿ ನಕ್ಷತ್ರ ಬೇಕು. ಅದರಲ್ಲಿ ಒಂದು ಸತ್ತ ಬಿಳಿ ಕುಬ್ಜ. ಅದು ಪಕ್ಕದ ನಕ್ಷತ್ರದಿಂದ ಹೈಡ್ರೋಜನ್ ಎಳೆದುಕೊಂಡು ಮೈಮೇಲೆ ಪೇರಿಸಿಕೊಳ್ಳುತ್ತದೆ, ಒಂದು ದಿನ ಅದು ಹೊತ್ತಿಕೊಳ್ಳುತ್ತದೆ. ಟಿ ಕೊರೊನೇ ಬೋರಿಯಾಲಿಸ್ ಅನ್ನುವ ಜೋಡಿ 1866ರಲ್ಲಿ ಹೀಗೆ ಹೊತ್ತಿತ್ತು, ಮತ್ತೆ 1946ರಲ್ಲಿ. ಒಂಟಿ ಸೂರ್ಯ ಹಾಗೆ ಸಿಡಿಯುವುದಿಲ್ಲ. ಒಂಟಿ ನಕ್ಷತ್ರ ಪೂರ್ತಿ ಸಿಡಿದು ಸೂಪರ್‌ನೋವಾ ಆಗಬೇಕಾದರೆ ನಮ್ಮ ಸೂರ್ಯನ ಎಂಟು ಪಟ್ಟಾದರೂ ತೂಕ ಇರಬೇಕು. ನಮ್ಮ ಸೂರ್ಯನ ಬಿಸಿ ಏರುವುದು ನಿಜ, ಆದರೆ ಶೇಕಡಾ 10 ಏರಲು ನೂರು ಕೋಟಿ ವರ್ಷ ಬೇಕು. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಬರ ಬಂದು ಗ್ರಹ ಮುಗಿಯುವುದು ಕಥೆಯಲ್ಲಿ ಮಾತ್ರ.

ಬಳ್ಳಾರಿ ಬಿಸಿಲು
ಮೇಷ್ಟ್ರೇ, ನೂರು ಕೋಟಿ ವರ್ಷ ಯಾಕೆ? ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಬಳ್ಳಾರಿ ರಾಯಲ್ ಸರ್ಕಲ್‌ಗೆ ಬನ್ನಿ. ಆಗಲೇ ಏರಿಬಿಟ್ಟಿದೆ.

ರಾಯಚೂರು ರೈಲು
ಬಳ್ಳಾರಿಯವರು ಬಿಸಿಲಿನ ಬಗ್ಗೆ ರಾಯಚೂರಿನವರ ಮುಂದೆ ಮಾತಾಡಬಾರದು.

ಬಳ್ಳಾರಿ ಬಿಸಿಲು
ಹೆಸರೇ ಬಿಸಿಲು ಅಂತ ಇಟ್ಟುಕೊಂಡಿದ್ದೇನೆ ಸ್ವಾಮಿ, ಹಕ್ಕು ನಂದು.

ಕೊಪ್ಪಳ ವಕೀಲೆ
ಎಲ್ಲರೂ ಬೀಜ, ಕೊಳಲು, ನೋವಾ ಅನ್ನುತ್ತಿದ್ದೀರಿ. ಆ ನೌಕೆ ಒಬ್ಬನನ್ನು ಕೇಳದೆ ಅವನ ತಲೆಗೆ 40 ವರ್ಷ ತುಂಬಿತು. ಇದರ ಬಗ್ಗೆ ಒಬ್ಬರೂ ಮಾತಾಡಿಲ್ಲ. ಆತನ ಒಪ್ಪಿಗೆ ಎಲ್ಲಿ? ಹಡಗಿನವರು ಆ ಕಿರಣ ತಡೆದಾಗ ಆತನ ಪ್ರಾಣವೇ ಹೋಗುವ ಹಾಗಾಯಿತು. ಮತ್ತೆ ಬಿಡಲೇಬೇಕಾಯಿತು. ಅಂದರೆ ಕಥೆ ಪೂರ್ತಿ ಕೇಳು, ಇಲ್ಲದಿದ್ದರೆ ಸಾಯಿ! ನೀವು ಇದನ್ನು ಪ್ರೀತಿಯ ಸಂದೇಶ ಅನ್ನುತ್ತೀರಾ? ನಾನು ಕೇಸ್ ಹಾಕುತ್ತಿದ್ದೆ.

ಸಿಂಧನೂರು ಟೀಚರ್
ಮೇಡಂ, ಅವರಿಗೆ ಕೇಳಲು ದಾರಿ ಎಲ್ಲಿತ್ತು? ಸತ್ತು ಸಾವಿರ ವರ್ಷ ಆದವರು.

ಕೊಪ್ಪಳ ವಕೀಲೆ
ಕಳಿಸುವಾಗ ಬದುಕಿದ್ದರಲ್ಲ. ಮೊದಲು ಒಂದು ಚಿತ್ರ ತೋರಿಸಿ, ಬರುತ್ತೀಯಾ ಅಂತ ಕೇಳಿ, ಆಮೇಲೆ ಕಿರಣ ಬಿಡುವ ಹಾಗೆ ಮಾಡಬಹುದಿತ್ತು. ಅತಿಥಿ ಸತ್ಕಾರ ಬೇರೆ, ಎಳೆದುಕೊಂಡು ಹೋಗಿ ಉಣ್ಣಿಸುವುದು ಬೇರೆ.

ಒಗ್ಗರಣೆ ಮಿರ್ಚಿ
ನಮ್ಮ ಅತ್ತೆ ಮನೆಯಲ್ಲಿ ಎರಡೂ ಒಂದೇ ಮೇಡಂ.

ರಾಯಚೂರು ರೈಲು
ಲೆಕ್ಕ ಮಾಡಿದೆ. 40 ವರ್ಷವನ್ನು 25 ನಿಮಿಷಕ್ಕೆ ಹಂಚಿದರೆ ಹಡಗಿನ ಒಂದು ಸೆಕೆಂಡಿಗೆ ಅಲ್ಲಿ ಸುಮಾರು ಹತ್ತು ದಿನ. ಆತ ಒಮ್ಮೆ ಉಸಿರು ಎಳೆದು ಬಿಡುವಷ್ಟರಲ್ಲಿ ಅಲ್ಲಿ ಒಂದು ತಿಂಗಳು. ರಾಯಚೂರಿನಿಂದ ಗುಂತಕಲ್ ತನಕ ಪ್ಯಾಸೆಂಜರ್‌ನಲ್ಲಿ ಕೂತರೆ ನನಗೂ ಹಾಗೇ ಅನ್ನಿಸುತ್ತದೆ.

ಗುಳೆ ಮಗ
ಕುಷ್ಟಗಿ ತಾಲೂಕಿನವನು. ಇಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ಓದುತ್ತೇನೆ ಅಷ್ಟೇ.

ನಾನು ಚಿಕ್ಕವನಿದ್ದಾಗ ಅಪ್ಪ ಅವ್ವ ಗುಳೆ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ನಾನು ಅಜ್ಜಿ ಹತ್ತಿರ. ಮನೆಗೆ ಬೀಗ ಹಾಕುವಾಗ ಅವ್ವ ರೊಟ್ಟಿ ಬಡಿಯುವ ಕಲ್ಲು ಬಿಟ್ಟು ಹೋಗುತ್ತಿದ್ದಳು, ಆದರೆ ಕೋಲಾಟದ ಕೋಲು ಗಂಟಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅಜ್ಜಿ ಬೈಯುತ್ತಿದ್ದಳು, ಕೋಲು ಉಣ್ಣತೀಯೇನು ಅಂತ. ಅವ್ವ ಏನೂ ಅನ್ನುತ್ತಿರಲಿಲ್ಲ. ಅಲ್ಲಿ ಶೆಡ್ಡಿನ ಹತ್ತಿರ ರಾತ್ರಿ ನಮ್ಮ ಕಡೆಯ ಹೆಂಗಸರೆಲ್ಲ ಸೇರಿ ಆಡುತ್ತಿದ್ದರಂತೆ. ನಾನು ಒಂದು ಬೇಸಿಗೆ ರಜೆಗೆ ಹೋದಾಗ ನೋಡಿದೆ. ಸಿಮೆಂಟ್ ಚೀಲ ಹಾಸಿದ ಜಾಗದಲ್ಲಿ ನಮ್ಮೂರ ಅಗಸಿ ಇತ್ತು.

ಬಳಿಕ ಆ ಎಪಿಸೋಡ್ ನೋಡಿದೆ. ರೆಸಿಕ್ ಜನ ಗುಳೆ ಹೋಗಲು ಜಾಗ ಇಲ್ಲದವರು. ಅದಕ್ಕೇ ಕೊಳಲು ಒಂದನ್ನೇ ಗುಳೆ ಕಳಿಸಿದ್ದಾರೆ. ಟೇಲೆಂಡ್ ಅಣ್ಣನ ಅಪ್ಪ ಹೇಳಿದ್ದು ತಪ್ಪಲ್ಲ, ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದಳು.

ಹಗೇವು
ಗುಳೆ ಮಗನೇ, ಸುಮ್ನಾದೆ ನಾನು. ಪೂರ್ತಿ ಅಲ್ಲ, ಸ್ವಲ್ಪ.

ಟೇಲೆಂಡ್ ಹುಡುಗ
ಇದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ.

ಗೇಟ್ ನಂಬರ್ 19
ನನಗೆ ಸಿಟ್ಟು ಬಂದದ್ದು ಬೇರೆ ಜಾಗದಲ್ಲಿ. ಕಾಮಿನ್ ಮಗಳ ಜೊತೆ ಸೇರಿ ಮಣ್ಣು ಪರೀಕ್ಷೆ ಮಾಡಿ, ವರ್ಷಗಟ್ಟಲೆ ಆಕಾಶ ನೋಡಿ, ಸೂರ್ಯನಲ್ಲೇ ಏನೋ ಕೆಟ್ಟಿದೆ ಅಂತ ಕಂಡುಹಿಡಿಯುತ್ತಾನೆ. ಓಡಿ ಹೋಗಿ ಆಡಳಿತಗಾರನಿಗೆ ಹೇಳಿದರೆ ಅವನಿಗೆ ಮೊದಲೇ ಗೊತ್ತು! ಜನ ಗಾಬರಿ ಆಗುತ್ತಾರೆ ಅಂತ ಮುಚ್ಚಿಟ್ಟಿದ್ದಾರೆ. ಇದಕ್ಕಿಂತ ಮುಂಚೆ ಗಾಳಿಯಿಂದ ನೀರು ಹಿಡಿಯುವ ಯಂತ್ರ ಮಾಡೋಣ ಅಂದಾಗಲೂ ಅದೇ ಜನ ಮೂಗು ಮುರಿದಿದ್ದರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿ ಹೋಯಿತಲ್ಲ. ಬೆಳಗಾಗುವಷ್ಟರಲ್ಲಿ ನಮ್ಮ ಊರಿನ ಹೋಟೆಲ್ ಕಟ್ಟೆಯ ಮೇಲೆ ಎಲ್ಲರಿಗೂ ಗೊತ್ತಿತ್ತು. ಗೊತ್ತಾದದ್ದಕ್ಕೇ ಯಾವ ಹೊಲಕ್ಕೆ ಏನು ಹಾಕಬೇಕು ಅಂತ ಯೋಚನೆ ಮಾಡಲು ಆಯಿತು. ಸತ್ಯ ಹೇಳಿದರೆ ಜನ ಹೆದರುತ್ತಾರೆ, ನಿಜ. ಹೆದರಿ ಕೆಲಸಕ್ಕೆ ಇಳಿಯುತ್ತಾರೆ.

ಫಿಜಿಕ್ಸ್ ಮೇಷ್ಟ್ರು, ಗಂಗಾವತಿ
ಗೇಟ್ ಸರ್, ಗೇಟಿಗೆ ಪರಿಹಾರ ಇತ್ತು. ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಸೂರ್ಯನಿಗೆ ಸ್ಟಾಪ್‌ಲಾಗ್ ಇಲ್ಲ. ಪರಿಹಾರವೇ ಇಲ್ಲದ ಸುದ್ದಿಯನ್ನು ಹೇಳಬೇಕಾ ಬೇಡವಾ, ಅದು ಬೇರೆ ಪ್ರಶ್ನೆ.

ಗೇಟ್ ನಂಬರ್ 19
ಹೇಳಬೇಕು ಮೇಷ್ಟ್ರೇ. ನಾನು ಸಾಯುತ್ತೇನೆ ಅಂದರೆ ನನಗೆ ಮೊದಲು ಗೊತ್ತಾಗಬೇಕು, ಯಾರದ್ದೋ ಕಡತಕ್ಕೆ ಅಲ್ಲ.

ಕೊಪ್ಪಳ ವಕೀಲೆ
ಗೇಟ್ ಅವರ ಮಾತಿಗೆ ನನ್ನ ಸಹಿ.

ಸಂಶಯ ಪಿಶಾಚಿ
ಎಲ್ಲ ಸರಿ. ಒಂದು ದೊಡ್ಡ ತೂತು ಯಾರಿಗೂ ಕಾಣಲಿಲ್ಲವಾ? ಹತ್ತು ಜನರನ್ನು ಬೇರೆ ಗ್ರಹಕ್ಕೆ ಸಾಗಿಸಲು ಬಾರದವರು, ಯಾವುದೋ ಬೇರೆ ಜೀವಿಯ ಮೆದುಳಿಗೆ 40 ವರ್ಷ ತುಂಬುವ ಯಂತ್ರ ಹೇಗೆ ಮಾಡಿದರು? ಇದು ಎತ್ತಿನ ಗಾಡಿ ಇರುವ ಊರಲ್ಲಿ ಎಂ.ಆರ್.ಐ. ಮಷೀನ್ ಇದ್ದ ಹಾಗೆ.

ಹಳೇ ಟ್ರೆಕ್ಕಿ
ಎತ್ತಿನ ಗಾಡಿಯೂ ಎಂ.ಆರ್.ಐ.ಯೂ ಇರುವ ಊರಲ್ಲೇ ನಾವಿದ್ದೇವೆ ಸಾರ್. ನಮ್ಮ ಊರಲ್ಲಿ ಬೆಳಗ್ಗೆ ಚಂದ್ರಯಾನದ ವಿಡಿಯೋ ನೋಡಿ ಸಂಜೆ ಟ್ಯಾಂಕರ್ ಮುಂದೆ ಕೊಡ ಇಡುತ್ತಾರೆ. ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರಬಾರದಾ?

ಆದರೆ ತೂತು ಇದೆ, ಒಪ್ಪುತ್ತೇನೆ. ಅಭಿಮಾನಿಗಳು 30 ವರ್ಷದಿಂದ ಅದನ್ನು ಮುಚ್ಚಲು ನೋಡುತ್ತಿದ್ದೇವೆ. ತೂತು ಇದ್ದರೂ 1993ರಲ್ಲಿ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು.

ಫಿಜಿಕ್ಸ್ ಮೇಷ್ಟ್ರು, ಗಂಗಾವತಿ
ನೌಕೆ ಕಳಿಸಿ ಕಾಯುವ ಯೋಚನೆ ಮಾತ್ರ ಗಟ್ಟಿಯಾದದ್ದು. ರೊನಾಲ್ಡ್ ಬ್ರೇಸ್‌ವೆಲ್ ಅನ್ನುವ ವಿಜ್ಞಾನಿ 1960ರಲ್ಲೇ ಇದನ್ನು ಹೇಳಿದ್ದರು. ರೇಡಿಯೋ ಸಿಗ್ನಲ್ ಕಳಿಸಿದರೆ ಅದು ಬರುವ ಹೊತ್ತಿಗೆ ಕೇಳುವವರು ಇರಬೇಕು, ಆಂಟೆನಾ ಇರಬೇಕು, ಸರಿಯಾದ ದಿಕ್ಕಿಗೆ ತಿರುಗಿಸಿರಬೇಕು. ಸಿಗ್ನಲ್ ಒಮ್ಮೆ ದಾಟಿ ಹೋದರೆ ಹೋಯಿತು. ನೌಕೆ ಹಾಗಲ್ಲ, ಬಂದು ಕಾಯುತ್ತದೆ. ಮಾತಾಡಬಲ್ಲವರು ಹುಟ್ಟುವ ತನಕ ಕೂರುತ್ತದೆ.

ಮಸ್ಕಿ ಬಂಡೆ
ಕಾಯುವ ಸಂದೇಶ ಅಂದರೆ ನಮ್ಮದು ಸ್ವಾಮಿ. ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ. ದನ ಕಾಯುವವರು ಅದಕ್ಕೆ ಬೆನ್ನು ಕೊಟ್ಟು ಕೂತು ಬುತ್ತಿ ಉಂಡಿರುತ್ತಾರೆ, ಎಷ್ಟು ತಲೆಮಾರೋ. ಓದುವವರಿಲ್ಲ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದ. ಆದರೂ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅನ್ನುವ ರಾಜ ಯಾರು ಅಂತ ಗಟ್ಟಿ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಅನ್ನುವ ಇಂಜಿನಿಯರ್ ಕಣ್ಣಿಗೆ ಮಸ್ಕಿ ಶಾಸನ ಬಿತ್ತು. ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಚಿನ್ನ ಹುಡುಕಲು ಹೋದವನಿಗೆ ಸಿಕ್ಕ ಪೆಟ್ಟಿಗೆ ನೋಡಿ! ಹೆಸರಿರುವ ಶಾಸನ ನಮ್ಮದೊಂದೇ.

ಸಿರುಗುಪ್ಪ ಸೋನಾ ಮಸೂರಿ
ತಡೀರಿ ತಡೀರಿ. ಹೆಸರಿರುವ ಶಾಸನ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ, ನಿಜ. ಒಂದೇ ಅಲ್ಲ. ನಮ್ಮ ತಾಲೂಕಿನ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಹೆಸರಿದೆ. ಮಧ್ಯಪ್ರದೇಶದ ಗುಜರ್ರಾದಲ್ಲೂ ಇದೆ. ಎಲ್ಲ ಕ್ರೆಡಿಟ್ ರಾಯಚೂರಿಗೇ ಯಾಕೆ?

ಮಸ್ಕಿ ಬಂಡೆ
ಮೊದಲು ಸಿಕ್ಕಿದ್ದು ನಮ್ಮದು. ಅಷ್ಟೇ ಸಾಕು ನನಗೆ.

ಕೊಪ್ಪಳ ವಕೀಲೆ
ಕೊಪ್ಪಳದಲ್ಲಿ ಎರಡಿವೆ, ಗವಿಮಠ ಮತ್ತು ಪಾಲ್ಕಿಗುಂಡು. ಎಣಿಕೆ ಶುರು ಮಾಡಿದ್ದೀರಿ ಅಂತ ಹೇಳಿದೆ.

ಇಲ್ಲಿಯೂ ನನ್ನ ಮಾತು ನಿಲ್ಲುತ್ತದೆ ನೋಡಿ. ಅಶೋಕನ ಬಂಡೆ ಯಾರ ತಲೆಗೂ ಕಿರಣ ಬಿಡಲಿಲ್ಲ. ಓದಿದರೆ ಓದು, ಬಿಟ್ಟರೆ ಬಿಡು.

ಸಂಶಯ ಪಿಶಾಚಿ
ಅದಕ್ಕೇ ಎರಡು ಸಾವಿರ ವರ್ಷ ಯಾರೂ ಓದಲಿಲ್ಲ ಮೇಡಂ. ಕಟಾನ್‌ನವರು ಶಾಣ್ಯಾ ಆಗಿದ್ದರು, ಲಿಪಿಯನ್ನು ನಂಬಲಿಲ್ಲ.

ಕುಪ್ಗಲ್ ಕಲ್ಲು
ಲಿಪಿಯೇ ಇಲ್ಲದ ಕಾಲದ್ದು ಒಂದು ಹೇಳುತ್ತೇನೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಗಲ್ ಗುಡ್ಡ. ನವಶಿಲಾಯುಗದ ಜನ ಅಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳ ಚಿತ್ರ ಕುಟ್ಟಿದ್ದಾರೆ. ಅದೇ ಕಪ್ಪು ಡಾಲರೈಟ್ ಬಂಡೆಗಳಲ್ಲಿ ಕೆಲವಕ್ಕೆ ಬಟ್ಟಲಿನ ಹಾಗೆ ಕುಳಿ ಬಿದ್ದಿವೆ. ಅಲ್ಲಿ ಕಲ್ಲಿನಿಂದ ಹೊಡೆದರೆ ಗಂಟೆ ಬಾರಿಸಿದ ಹಾಗೆ ಸದ್ದು. ಹೊಡೆದು ಹೊಡೆದೇ ಆದ ಕುಳಿಗಳು ಅವು.

ಕಾಲೇಜಿನಲ್ಲಿದ್ದಾಗ ನಾವು ನಾಲ್ಕು ಜನ ಬೆಳಗಿನ ಜಾವ ಹತ್ತಿದ್ದೆವು. ಒಬ್ಬ ಗೆಳೆಯ ಒಂದು ಕುಳಿಯಲ್ಲಿ ಮೆಲ್ಲಗೆ ತಟ್ಟಿದ. ಟಣ್ ಅಂತು. ನಗುತ್ತಿದ್ದವರು ಎಲ್ಲ ಗಪ್ ಆದೆವು. ಎಷ್ಟೋ ಸಾವಿರ ವರ್ಷದ ಹಿಂದೆ ಇದೇ ಜಾಗದಲ್ಲಿ ಕೂತವನ ಕಿವಿಗೆ ಬಿದ್ದದ್ದೂ ಇದೇ ಟಣ್. ಅವನ ಭಾಷೆ ಗೊತ್ತಿಲ್ಲ, ದೇವರು ಗೊತ್ತಿಲ್ಲ, ಏನು ಹೆಸರೋ. ಸದ್ದು ಮಾತ್ರ ಹಾಗೇ ಇದೆ. ಅವರು ಬೆಳೆದ ಹುರುಳಿ, ಹೆಸರುಕಾಳು ನಾವೂ ತಿನ್ನುತ್ತೇವೆ, ಬೀಜವೂ ಉಳಿದಿದೆ. ಆದರೆ ಹುರುಳಿ ಸಾರು ಉಣ್ಣುವಾಗ ನನಗೆ ಯಾವತ್ತೂ ಅವರ ನೆನಪು ಬಂದಿಲ್ಲ.

ಟೇಲೆಂಡ್ ಹುಡುಗ
ಇದು! ಅಪ್ಪನಿಗೆ ಹೇಳಲು ಇದು ಸಿಕ್ಕಿತು.

ಹಗೇವು
ಹುರುಳಿ ಸಾರು ಉಂಡಾಗ ನನಗೆ ನೆನಪು ಬರುತ್ತದೆ. ಇನ್ನು ಮೇಲೆ ಬರುತ್ತದೆ. ಹಟ ಅಂತಾದರೂ ಅನ್ನಿ. ಹೊಡೆದು ನೋಡುವವರು ಕಲ್ಲು ಹಾಳು ಮಾಡಬೇಡಿ, ಅಷ್ಟೇ.

ಕುಪ್ಗಲ್ ಕಲ್ಲು
ನಾವು ಮೆಲ್ಲಗೆ ತಟ್ಟಿದ್ದು ಅಷ್ಟೇ ರೀ. ಈಗ ನೋಡಬೇಕಾದವರು ಮೊದಲು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ನೋಡಿ, ಆಮೇಲೆ ಗುಡ್ಡಕ್ಕೆ ಹೋಗಿ.

ಒಗ್ಗರಣೆ ಮಿರ್ಚಿ
ನಾವು ಮನುಷ್ಯರು ನಿಜವಾಗಿ ಏನು ಕಳಿಸಿದ್ದೇವೆ? ಬೀಜವಾ ಕೊಳಲಾ?

ಹಳೇ ಟ್ರೆಕ್ಕಿ
ಮಿರ್ಚಿಯವರೇ, ಮೊದಲ ಸಲ ಸರಿಯಾದ ಪ್ರಶ್ನೆ! ಹಾಡು ಕಳಿಸಿದ್ದೇವೆ. 1977ರಲ್ಲಿ ಹೋದ ಎರಡೂ ವಾಯೇಜರ್‌ಗಳಲ್ಲಿ ಚಿನ್ನದ ಲೇಪದ ಒಂದೊಂದು ತಟ್ಟೆ ಇದೆ, ಗ್ರಾಮಫೋನ್ ತಟ್ಟೆ ಹಾಗೆ. ಮುಚ್ಚಳದ ಮೇಲೆ ಅದನ್ನು ನುಡಿಸುವುದು ಹೇಗೆ ಅನ್ನುವ ಚಿತ್ರ. ಸುಮಾರು 90 ನಿಮಿಷ ಸಂಗೀತ. ನಮ್ಮ ದೇಶದ್ದು ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ. 55 ಭಾಷೆಗಳಲ್ಲಿ ನಮಸ್ಕಾರ ಇದೆ. ಅದರಲ್ಲಿ ಕನ್ನಡವೂ ಒಂದು.

ಸಿಂಧನೂರು ಟೀಚರ್
ಕನ್ನಡವಾ? ನಿಜವಾಗಲೂ?

ಹಳೇ ಟ್ರೆಕ್ಕಿ
ಹೌದು ಅಕ್ಕ. ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಒಂದು ಪುಟ್ಟ ವಾಕ್ಯ. ನಾಸಾ ತಾಣದಲ್ಲಿ ಕೇಳಬಹುದು. ವಾಯೇಜರ್ 1 ಈಗ ಸುಮಾರು 2,500 ಕೋಟಿ ಕಿಲೋಮೀಟರ್ ದೂರ ಇದೆ. ಅಲ್ಲಿಂದ ಸಿಗ್ನಲ್ ಬರಲು ಹೆಚ್ಚು ಕಡಿಮೆ ಒಂದು ದಿನ ಬೇಕು. ಇನ್ನೊಂದು ನಕ್ಷತ್ರದ ಹತ್ತಿರಕ್ಕೆ ಹೋಗುವುದು ಸುಮಾರು 40,000 ವರ್ಷ ಆದ ಮೇಲೆ. ಹತ್ತಿರ ಅಂದರೂ 1.6 ಜ್ಯೋತಿರ್ವರ್ಷ ದೂರ.

ರಾಯಚೂರು ರೈಲು
ಅಷ್ಟು ದೂರ ಹೋಗುವ ವಾಕ್ಯದಲ್ಲಿ ‘ಊಟ ಆತೇನ್ರಿ’ ಅಂತ ಸೇರಿಸಬೇಕಿತ್ತು. ಅದಿಲ್ಲದೆ ನಮ್ಮ ಕಡೆಯವರು ಮಾತಾಡಿದ ಹಾಗೇ ಆಗಲ್ಲ.

ಬಳ್ಳಾರಿ ಬಿಸಿಲು
ಅದಕ್ಕೆ ಏಲಿಯನ್ ‘ಇಲ್ಲ’ ಅಂದುಬಿಟ್ಟರೆ ರೊಟ್ಟಿ ಬಡಿಯುವವರು ಯಾರು?

ಕೊಪ್ಪಳ ವಕೀಲೆ
ಆ ತಟ್ಟೆಯ ಬಗ್ಗೆ ನನ್ನ ತಕರಾರಿಲ್ಲ. ಬೇಕಾದರೆ ನುಡಿಸಿಕೋ ಅಂತ ಚಿತ್ರ ಬರೆದು ಕೊಟ್ಟಿದ್ದಾರೆ. ಒಪ್ಪಿಗೆ ಅಂದರೆ ಇದು.

ಸಂಶಯ ಪಿಶಾಚಿ
ಆ ಕೊಳಲು ನಿಜವಾಗಿ ನುಡಿಯುತ್ತದಾ? ಶೂಟಿಂಗ್‌ನಲ್ಲಿ ಬಳಸಿದ್ದು?

ಹಳೇ ಟ್ರೆಕ್ಕಿ
ಇಲ್ಲ, ನುಡಿಯದ ಡಮ್ಮಿ ಅದು. ಆದರೆ 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಿಗೆ ಬಂದಾಗ 48,000 ಡಾಲರ್‌ಗೆ ಹೋಯಿತು. ಕೆಲವು ನೂರು ಡಾಲರ್ ಬರಬಹುದು ಅಂದುಕೊಂಡಿದ್ದರು. ಕಥೆಯಲ್ಲಿ ಪಿಕಾರ್ಡ್ ಅದನ್ನು ಬಿಡುವುದಿಲ್ಲ, ಮುಂದಿನ ಸೀಸನ್‌ನಲ್ಲಿ ‘ಲೆಸನ್ಸ್’ ಅನ್ನುವ ಎಪಿಸೋಡ್‌ನಲ್ಲಿ ಮತ್ತೆ ನುಡಿಸುತ್ತಾನೆ. ಇನ್ನೊಂದು ಮಜಾ ಸಂಗತಿ: ಕಾಮಿನ್‌ನ ಮಗನಾಗಿ ನಟಿಸಿದ್ದು ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟೂವರ್ಟ್ ಅವರ ಸ್ವಂತ ಮಗ, ಡೇನಿಯಲ್. ಎಲೀನ್ ಕೊರಳಲ್ಲಿ ಒಂದು ಪದಕ ಇದೆಯಲ್ಲ, ಅದರ ಆಕಾರ ಆ ನೌಕೆಯದೇ. ಗಮನಿಸಿದಿರಾ?

ಸಿಂಧನೂರು ಟೀಚರ್
ಗಮನಿಸಿರಲಿಲ್ಲ. ಇವತ್ತು ರಾತ್ರಿ ಮತ್ತೆ ನೋಡಬೇಕು. ನಾಳೆ ಪೇಪರ್ ತಿದ್ದುವುದು ಇದೆ, ಹಾಳಾಗಿ ಹೋಗಲಿ.

ಗೇಟ್ ನಂಬರ್ 19
ನನಗೆ ಇಷ್ಟವಾದದ್ದು ಊರ ಮಧ್ಯದ ಸಸಿ. ಕುಡಿಯಲು ನೀರಿಲ್ಲದಾಗ ಅದಕ್ಕೆ ನೀರು ಹಾಕುತ್ತಾರೆ. ಮೊದಲ ದಿನ ಕಾಮಿನ್‌ಗೂ ಅದು ವಿಚಿತ್ರ ಅನ್ನಿಸುತ್ತದೆ. ಟೇಲೆಂಡ್ ತಮ್ಮಾ, ಆ ಸೀನಿಗೆ ಅಪ್ಪ ಏನಂದರು?

ಟೇಲೆಂಡ್ ಹುಡುಗ
ಅದಕ್ಕೆ ಏನೂ ಅನ್ನಲಿಲ್ಲ ಅಣ್ಣ. ನಮ್ಮ ಮನೆ ಮುಂದೆ ಒಂದು ಬೇವಿನ ಗಿಡ ಇದೆ. ಟ್ಯಾಂಕರ್ ಬರುವ ದಿನಗಳಲ್ಲೂ ಅಪ್ಪ ಕೈಕಾಲು ತೊಳೆಯುವುದು ಅದರ ಬುಡದಲ್ಲೇ.

ಈಗ ಅರ್ಧ ಗಂಟೆ ಮುಂಚೆ ಫೋನ್ ಮಾಡಿದ್ದೆ. ಗುಳೆ ಮಗನದ್ದು, ಕುಪ್ಗಲ್ ಕಲ್ಲಿನದು ಎರಡನ್ನೂ ಓದಿ ಹೇಳಿದೆ. ವಾಯೇಜರ್‌ನಲ್ಲಿ ಕನ್ನಡ ಇದೆ ಅಂತಲೂ ಹೇಳಿದೆ. ಕೋಲಾಟದ ಕೋಲಿನ ಮಾತಿಗೆ ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, “ಬೀಜ ಇಟ್ಟಿದ್ದರೂ ಆ ಹಡಗಿನ್ಯಾಗ ಯಾರೋ ಹುರದು ತಿಂತಿದ್ದರು ಬಿಡು” ಅಂದ.

ಇದು ಸೋಲು ಒಪ್ಪಿಕೊಂಡದ್ದಾ ಅಂತ ಕೇಳಿದೆ. ಅಷ್ಟರಲ್ಲಿ ಯಾರೋ ಹೊರಗಿನಿಂದ ಕೂಗಿದರು. ಉಪಕಾಲುವೆಗೆ ನೀರು ಬಂತಂತೆ. ಫೋನ್ ಇಡದೇ ಹೊಲಕ್ಕೆ ಹೋಗಿದ್ದಾನೆ. ಇನ್ನೂ ಕಾಲ್ ಕಟ್ ಆಗಿಲ್ಲ, ಮನೆಯ ಫ್ಯಾನಿನ ಸದ್ದು ಕೇಳುತ್ತಿದೆ.

ಹಗೇವು
ಟಾರ್ಚ್ ತಗೊಂಡು ಹೋದರಾ? ಈಗ ಗದ್ದೆ ಬದುವಿನಲ್ಲಿ ಹಾವು ಜಾಸ್ತಿ.

ಟೇಲೆಂಡ್ ಹುಡುಗ
ಅವ್ವ ಈಗ ಫೋನ್ ಎತ್ತಿಕೊಂಡಳು. ಕೇಳಿ ಹೇಳುತ್ತೇನೆ.